ದುರ್ಗದ ಸೀಮೆಯ ವರ್ತಕನ ವಿಳಾಸ

ಮಳೆ ಕಡಮೆಯಾದ ಚಿತ್ರದುರ್ಗದ ಸೀಮೆಯು ಬೆಳೆಯಿಂದ ಎಷ್ಟು ಬದುಕಿತೋ ದಾರಿಯಿಂದಲೂ ಅಷ್ಟೇ ಬದುಕಿತು. ಪಡುವಣ ಹೊಳಲ್ಕೆರೆ ಹೊಸದುರ್ಗಗಳ ಅಡಿಕೆ ತೆಂಗುಗಳೂ, ಮೂಡಣ ಹಿರಿಯೂರಿನ ವೇದಾವತಿ ಬಯಲಿನ ಫಲಗಳೂ, ಚಳ್ಳಕೆರೆಯ ಶೇಂಗಾ ಎಣ್ಣೆಯೂ, ಮೊಳಕಾಲ್ಮೂರಿನ ರೇಷ್ಮೆಯ ಸೀರೆಯೂ ಹುಟ್ಟಿದಲ್ಲಿಯೇ ಖರ್ಚಾಗತಕ್ಕ ಪದಾರ್ಥಗಳಲ್ಲ. ಅವೆಲ್ಲವೂ ಹೊರನಾಡಿನ ಗಿರಾಕಿಯ ದಾರಿ ನೋಡುವಂಥವು. ಆದುದರಿಂದ ಈ ನೆಲದ ವರ್ತಕನಿಗೆ, ಸರಕನ್ನು ಕೂಡಿಹಾಕುವ ಚಿಂತೆಯ ಬೆನ್ನಿಗೇ ಇನ್ನೊಂದು ಚಿಂತೆಯೂ ತಲೆಮಾರಿನಿಂದ ತಲೆಮಾರಿಗೆ ಬಂದಿದೆ: ಅರಿಯದ ಊರಿನ ಅರಿಯದ ಮನುಷ್ಯನಿಗೆ ತನ್ನ ಅಂಗಡಿಯು ಗೋಚರವಾಗುವುದು ಹೇಗೆ? ಇಂದು ಆ ಚಿಂತೆಯನ್ನು ಎಸ್‌ಇಒ ಎಂದು ಕರೆಯುತ್ತಾರೆ. ಗೂಗಲ್ಲಿನಂತಹ ಶೋಧಯಂತ್ರಗಳಲ್ಲಿ ವ್ಯಾಪಾರಸಂಸ್ಥೆಯ ಜಾಲತಾಣವು ಮೊದಲ ಪಂಕ್ತಿಯಲ್ಲಿ ತೋರುವಂತೆ ಮಾಡುವ ಕಸುಬು ಅದು. ಕಸುಬು ಹೊಸದಾದರೂ ಪ್ರಶ್ನೆಯು ಪುರಾತನವೆಂಬುದನ್ನೂ, ಆಯಾ ಕಾಲದಲ್ಲಿ ಈ ನಾಡು ಅದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಈಗಲೂ ಸಲ್ಲತಕ್ಕ ತತ್ತ್ವವೊಂದು ಇದೆಯೆಂಬುದನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಬರೆಹವನ್ನು ಹಲವರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ ಅತ್ಯಂತ ಪ್ರಾಚೀನ ನಿದರ್ಶನಗಳಲ್ಲಿ ಕೆಲವು ಈ ಜಿಲ್ಲೆಯಲ್ಲಿಯೇ ಇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನಗಳು, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಗಳು. ಅವುಗಳ ಕೊನೆಯಲ್ಲಿ ಚಪಡನೆಂಬುವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿ, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯದೇಶದ ಖರೋಷ್ಠಿಯಲ್ಲಿ ಕೆತ್ತಿದನು. ಆ ಪದವು ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಮಿಕ್ಕು ಅಳಿಯದೆ ಉಳಿದಿದೆ. ಆದರೆ ಈ ಪ್ರಾಂತದಲ್ಲಿ ಖರೋಷ್ಠಿಯು ಬಳಕೆಯ ಲಿಪಿಯಾಗಿರಲಿಲ್ಲವಾದುದರಿಂದ, ಹಾದುಹೋದವರಲ್ಲಿ ಅಕ್ಷರಸ್ಥರಾದವರಿಗೂ ಅದು ಅರ್ಥವಿಲ್ಲದ ಗೆರೆಗಳಾಗಿಯೇ ತೋರಿರಬೇಕು. ಇತ್ತ ದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ, ಕದಂಬರ ಮಯೂರಶರ್ಮನು ಕೆರೆಯ ವಿಷಯವಾಗಿ ಬರೆಯಿಸಿದ ಶಾಸನವಿರುವ ಆ ಸ್ಥಳದಲ್ಲಿಯೇ, ಶಾತವಾಹನರ ನಾಣ್ಯಗಳ ಜತೆಗೆ ರೋಮಿನ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಕಡಲಾಚೆಯ ಬೆಳ್ಳಿಯು ಈ ಕಲ್ಲುಬೆಟ್ಟಗಳ ಮಧ್ಯಕ್ಕೆ ಬಂದಿತೆಂದರೆ, ಇಲ್ಲಿಯ ಪೇಟೆಯ ಸುದ್ದಿಯೂ ದಾರಿಯಿಂದ ದಾರಿಗೆ ಸಾಗಿ ಎಷ್ಟೋ ದೂರ ಮುಟ್ಟಿತ್ತೆಂದೇ ಅರ್ಥ.

ಮಧ್ಯಯುಗದಲ್ಲಿ ಈ ಕೆಲಸವನ್ನು ನಿರ್ವಹಿಸಿದುದು ಸಂತೆ. ಅಕ್ಕಪಕ್ಕದ ಊರುಗಳು ವಾರದ ಬೇರೆಬೇರೆ ದಿನಗಳನ್ನು ಹಂಚಿಕೊಂಡು ಸಂತೆ ಕೂಡಿಸುತ್ತಿದ್ದುದರಿಂದ, ಇಂಥ ವಾರ ಇಂಥ ಊರಿನಲ್ಲಿ ಇಂಥ ಸರಕು ಸಿಕ್ಕುವುದೆಂಬ ಪಟ್ಟಿಯು ಪ್ರತಿಯೊಬ್ಬ ಒಕ್ಕಲಿಗನ ನಾಲಗೆಯ ಮೇಲೆಯೇ ಇರುತ್ತಿತ್ತು. ಹೊಸ ಸಂತೆಯನ್ನು ಕಟ್ಟಿ ನಿಲ್ಲಿಸಿದವನಿಗೆ ಪಟ್ಟಣಸ್ವಾಮಿಯ ಪದವಿಯೂ ಮಾನ್ಯದ ಭೂಮಿಯೂ ಸಂದ ಸಂಗತಿಗಳನ್ನು ಕನ್ನಡ ನಾಡಿನ ಶಾಸನಗಳು ಹೇಳುತ್ತವೆ. ಜನರನ್ನು ಒಂದೆಡೆಗೆ ತರುವುದು ಪ್ರತಿಫಲಕ್ಕೆ ಯೋಗ್ಯವಾದ ಕಾರ್ಯವೆಂದು ಆಗಿನ ಪ್ರಭುಗಳೂ ಒಪ್ಪಿದ್ದರು. ಅಯ್ಯಾವೊಳೆಯ ಐನೂರ್ವರಂಥ ವರ್ತಕಸಂಘಗಳು ತಮ್ಮ ಕೀರ್ತಿಯನ್ನು ದೀರ್ಘ ಪ್ರಶಸ್ತಿಗಳಲ್ಲಿ ಕಲ್ಲಿನ ಮೇಲೆ ಬರೆಯಿಸಿದುವು. ಆದರೆ ಅಪರಿಚಿತ ಪಟ್ಟಣದಲ್ಲಿ ವ್ಯಾಪಾರಿಗೆ ಸಾಲವನ್ನೂ ನಂಬಿಕೆಯನ್ನೂ ತಂದುಕೊಡುತ್ತಿದ್ದುದು ತಾನೇ ಹಾಡಿಕೊಂಡ ಆ ಪ್ರಶಸ್ತಿಗಿಂತ ಹೆಚ್ಚಾಗಿ, ಸಂಘದ ಇತರರು ಅವನ ಪರವಾಗಿ ಆಡುತ್ತಿದ್ದ ಮಾತು. ದುರ್ಗದ ಪೇಟೆಯ ಪುಷ್ಕರಿಣಿಯು ಇಂದಿಗೂ ಸಂತೆ ಹೊಂಡವೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿರುವುದು, ಏಳು ಸುತ್ತಿನ ಕೋಟೆಯ ನಾಯಕರ ರಾಜಧಾನಿಯಲ್ಲಿ ಸಂತೆಗಿದ್ದ ಸ್ಥಾನಕ್ಕೆ ಸಾಕ್ಷಿ.

1779ರಲ್ಲಿ ದುರ್ಗವು ಹೈದರಾಲಿಯ ಕೈಸೇರಿತು. ಮುಂದೆ ಇಂಗ್ಲಿಷರ ದಫ್ತರಗಳಲ್ಲಿ ಅದರ ಹೆಸರು ಚಿತಲ್‌ಡ್ರೂಗ್ ಎಂದಾಯಿತು. ಅದೇ ಹೆಸರಿನ ಜಿಲ್ಲೆಯ ಶಾಸನಗಳನ್ನು ರೈಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವಾಗಿ ಪ್ರಕಟಿಸಿದರು. ತಾಲ್ಲೂಕುವಾರಿಯಾಗಿ ವಿಂಗಡಿಸಿ, ಪ್ರತಿ ಶಾಸನಕ್ಕೂ ಸಂಖ್ಯೆಯನ್ನಿತ್ತು, ಅದು ನಿಂತಿರುವ ಊರನ್ನು ನಮೂದಿಸಿದ ಆ ವ್ಯವಸ್ಥೆಯಿಂದ, ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲು ಲಂಡನ್ನಿನ ವಿದ್ವಾಂಸನಿಗೂ ಕೈಗೆಟುಕುವಂತಾಯಿತು. ಕಲ್ಲುಗಳು ಮೊದಲೂ ಇದ್ದವು. ಅವನ್ನು ಹುಡುಕಬಲ್ಲ ಸೂಚಿಯೊಂದು ಇರಲಿಲ್ಲ, ಅಷ್ಟೆ. ಇಂದಿನ ಶೋಧಯಂತ್ರವು ಲೋಕದ ಪುಟಗಳಿಗೆ ಮಾಡುತ್ತಿರುವುದೂ ಇಂಥ ಸೂಚಿಯನ್ನೇ; ಆ ಸೂಚಿಯಲ್ಲಿ ಸೇರದ ಪುಟವು ಎಷ್ಟು ಸೊಗಸಾಗಿದ್ದರೂ ಹುಡುಕುವವನಿಗೆ ದಕ್ಕುವುದಿಲ್ಲ.

ರೈಲು ಬಂದಾಗ ಊರುಗಳ ಭಾಗ್ಯ ಬದಲಾಯಿತು. ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಸಿದ ಹಳಿಯು ಜಿಲ್ಲೆಯ ಪಡುವಣ ಅಂಚಿನಲ್ಲಿ ಹಾದುಹೋದುದರಿಂದ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಾಯಿತು; ಜಿಲ್ಲೆಯ ಮುಖ್ಯಸ್ಥಳವಾದ ದುರ್ಗವೇ ಅಲ್ಲಿಂದ ಹೊರಟ ಕವಲುಹಳಿಗಾಗಿ 1920ರ ದಶಕದವರೆಗೆ ಕಾಯಬೇಕಾಯಿತು. ಹೊಸದುರ್ಗಕ್ಕೆ ‘ಹೊಸದುರ್ಗ ರೋಡ್’ ಎಂಬ ನಿಲ್ದಾಣವು ಲಭಿಸಿತೇನೋ ನಿಜ. ಆದರೆ ಹೆಸರನ್ನು ನಂಬಿ ಅಲ್ಲಿ ಇಳಿದ ಪ್ರಯಾಣಿಕನಿಗೆ ಊರು ಇನ್ನೂ ಬಹು ದೂರದಲ್ಲಿತ್ತು. 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಪೂರ್ಣಗೊಂಡು ವಾಣೀವಿಲಾಸ ಸಾಗರವು ತುಂಬತೊಡಗಿದ ಮೇಲೆ ಹಿರಿಯೂರಿನ ಬಯಲು ಹಸುರಾಯಿತು. ಬೆಂಗಳೂರು-ಪುಣೆಯ ಹೆದ್ದಾರಿಯೂ ಬಳ್ಳಾರಿಯ ರಸ್ತೆಯೂ ಅಲ್ಲಿ ಕೂಡುವುದರಿಂದ ಆ ಊರಿನ ಹೋಟೆಲು, ಗ್ಯಾರೇಜುಗಳು ಲಾರಿಯವರ ಬಾಯಲ್ಲಿ ಹೆಸರಾದುವು. ಸುವರ್ಣ ಚತುಷ್ಕೋನ ಯೋಜನೆಯ ವಿಶಾಲವಾದ ಹೆದ್ದಾರಿಯು ಹಿರಿಯೂರು ಚಿತ್ರದುರ್ಗಗಳ ಪೇಟೆಯನ್ನು ಬಿಟ್ಟು ಬೈಪಾಸಿನಲ್ಲಿ ಸಾಗಿದ ಮೇಲೆ, ಹಳೆಯ ಬೀದಿಯ ನಾಮಫಲಕಗಳು ದೂರಪ್ರಯಾಣಿಕನ ದೃಷ್ಟಿಯಿಂದ ಮರೆಯಾದುವು. ದಾರಿ ತಿರುಗಿದೊಡನೆ ವಿಳಾಸವೂ ತಿರುಗಬೇಕೆಂಬುದನ್ನು ಈ ಸೀಮೆಯು ರೈಲಿನಿಂದ ಒಮ್ಮೆ, ಹೆದ್ದಾರಿಯಿಂದ ಇನ್ನೊಮ್ಮೆ ಕಲಿಯಿತು.

ಮೂರನೆಯ ದಾರಿಯು ಕಣ್ಣಿಗೆ ಕಾಣದ್ದು. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ಮೊದಲಾಯಿತು; 1998ರಲ್ಲಿ ಗೂಗಲ್ ಸ್ಥಾಪಿತವಾಯಿತು. ಒಂದು ಪುಟದ ಯೋಗ್ಯತೆಯನ್ನು ಅದು ತನ್ನ ವಿಷಯದಲ್ಲಿ ಹೇಳಿಕೊಳ್ಳುವ ಮಾತಿನಿಂದಷ್ಟೇ ಅಳೆಯದೆ, ಇತರ ಪುಟಗಳು ಕೊಂಡಿಗಳ ಮೂಲಕ ಅದರ ಕಡೆಗೆ ಎಷ್ಟು ಗೌರವದಿಂದ ಬೊಟ್ಟುಮಾಡುತ್ತವೆ ಎಂಬುದರಿಂದಲೂ ಅಳೆಯುವ ಪೇಜ್‌ರ‍್ಯಾಂಕ್ ಎಂಬ ಗಣನೆಯೇ ಅದರ ಏಳಿಗೆಯ ಮೂಲ. ಅಯ್ಯಾವೊಳೆಯ ವರ್ತಕನಿಗೆ ಇದು ಅಪರಿಚಿತವಾದ ನ್ಯಾಯವಲ್ಲ.

ಕನ್ನಡಕ್ಕೆ ಮಾತ್ರ ಈ ದಾರಿಯ ಬಾಗಿಲಿನಲ್ಲಿಯೇ ಒಂದು ದೊಡ್ಡ ವಿಘ್ನ ಎದುರಾಯಿತು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಬಳಕೆಯ ಗಣಕಗಳಲ್ಲಿ ಅದು ನೆಲೆಗೊಳ್ಳಲು ಅನೇಕ ವರ್ಷಗಳು ಹಿಡಿದುವು. ತತ್ಪೂರ್ವದಲ್ಲಿ ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳೇ ಕನ್ನಡದ ಬರೆಹವನ್ನು ನಡೆಸಿದುವು. ಅವು ಮಾಡಿದ ಉಪಕಾರ ಅಲ್ಪವಾದುದಲ್ಲ. ಆದರೆ ಅವುಗಳಲ್ಲಿ ‘ಕ’ ಎಂದು ತೆರೆಯ ಮೇಲೆ ತೋರುತ್ತಿದ್ದುದು ಯಂತ್ರದೊಳಗೆ ಇಂಗ್ಲಿಷಿನ ‘ಪಿ’ ಅಕ್ಷರವೂ, ತಲೆಕಟ್ಟಿಗಾಗಿ ಅದರ ಪಕ್ಕದಲ್ಲಿಟ್ಟ ಮತ್ತೊಂದು ರೋಮನ್ ಚಿಹ್ನೆಯೂ ಆಗಿತ್ತು. ಮನುಷ್ಯನ ಕಣ್ಣಿಗೆ ಶುದ್ಧ ಕನ್ನಡವಾದ ಪುಟವು ಶೋಧಯಂತ್ರಕ್ಕೆ ಅಪಭ್ರಷ್ಟವಾದ ಲ್ಯಾಟಿನ್ ಅಕ್ಷರಗಳ ರಾಶಿ. ಇಂಥ ಪುಟದಲ್ಲಿ ವಿಳಾಸ ಬರೆಯಿಸಿದ ವರ್ತಕನು ಚಪಡನ ಖರೋಷ್ಠಿಯ ಗತಿಯನ್ನೇ ಪಡೆದನು. ಇಂದು ಇದಕ್ಕೆ ಪರಿಹಾರವಾಗಿ ಪರಿವರ್ತಕ ತಂತ್ರಾಂಶಗಳಿವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ ಮರುಪ್ರಕಟಿಸುವುದು ಯಾವ ಕನ್ನಡ ಜಾಲತಾಣಕ್ಕಾದರೂ ಪ್ರಥಮ ಕರ್ತವ್ಯ. ಅಚ್ಚಿಗಾಗಿ ಮಾಡಿಸಿದ ಕರಪತ್ರದ ಚಿತ್ರವನ್ನೇ ಮುಖಪುಟಕ್ಕೆ ಅಂಟಿಸಿ ಸುಮ್ಮನಾಗುವುದೂ ಇದೇ ದೋಷದ ಇನ್ನೊಂದು ರೂಪ: ಚಿತ್ರದೊಳಗಿನ ಅಕ್ಷರವು ಸೂಚಿಯನ್ನು ಸೇರುವುದೆಂಬ ಭರವಸೆಯಿಲ್ಲ.

ಯೂನಿಕೋಡಿನಲ್ಲಿ ಬರೆದ ಮೇಲೂ ಸೂಕ್ಷ್ಮವಾದ ತೊಡಕುಗಳು ಉಳಿಯುತ್ತವೆ. ‘ದುರ್ಗ’ ಎಂದು ಅರ್ಕಾವೊತ್ತಿನಿಂದ ಬರೆಯುವವರುಂಟು; ‘ದುರ‍್ಗ’ ಎಂದು ರಕಾರದ ಕೆಳಗೆ ಗಕಾರದ ಒತ್ತನ್ನಿಟ್ಟು ಬರೆಯುವವರೂ ಉಂಟು. ಓದುವವನಿಗೆ ಎರಡೂ ಒಂದೇ. ಯಂತ್ರಕ್ಕಾದರೋ ಎರಡನೆಯದರಲ್ಲಿ ಕಣ್ಣಿಗೆ ಕಾಣದ ಸಂಯೋಜಕ ಚಿಹ್ನೆಯೊಂದು ಹೆಚ್ಚಾಗಿರುವುದರಿಂದ ಅದು ಬೇರೆಯೇ ಅಕ್ಷರಮಾಲೆ. ಇದರೊಡನೆ ಇಂಗ್ಲಿಷಿನಲ್ಲಿ ಊರಿನ ಹೆಸರಿಗಿರುವ ನಾನಾ ಕಾಗುಣಿತಗಳನ್ನು ಸೇರಿಸಿಕೊಂಡರೆ, ಒಂದೇ ಊರು ಶೋಧಯಂತ್ರದ ಮುಂದೆ ಹಲವು ವೇಷಗಳಲ್ಲಿ ನಿಲ್ಲುತ್ತದೆ. ಯಂತ್ರಗಳು ಈ ಭೇದಗಳನ್ನು ಕೂಡಿಸಿಕೊಳ್ಳುವುದನ್ನು ಕಲಿಯುತ್ತ ಬಂದಿವೆಯಾದರೂ, ಜಾಲತಾಣದ ಉದ್ದಕ್ಕೂ ಒಂದೇ ರೂಪವನ್ನು ನಿಷ್ಠೆಯಿಂದ ಬಳಸುವವನಿಗೆ ಅನುಕೂಲ ಹೆಚ್ಚು.

ಹೊಸದುರ್ಗದ ಪ್ರಶ್ನೆಯು ಇದಕ್ಕಿಂತಲೂ ಜಟಿಲವಾದುದು. ಕಾಸರಗೋಡು ಜಿಲ್ಲೆಯಲ್ಲಿ, ಕಾಞಂಗಾಡಿನ ಬಳಿ, ಕೆಳದಿಯ ಸೋಮಶೇಖರ ನಾಯಕನು ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ ಇನ್ನೊಂದು ಹೊಸದುರ್ಗವಿದೆ. ಅದೂ ತಾಲ್ಲೂಕಿನ ಹೆಸರು, ಅದನ್ನೂ ಅಲ್ಲಿಯ ಕನ್ನಡಿಗರು ಇದೇ ಅಕ್ಷರಗಳಲ್ಲಿ ಬರೆಯುತ್ತಾರೆ. ತೆಂಗು ಎರಡು ಕಡೆಯಲ್ಲಿಯೂ ಬೆಳೆಯುತ್ತದೆ. ‘ಹೊಸದುರ್ಗ ತೆಂಗು’ ಎಂದು ಹುಡುಕಿದವನನ್ನು ಎತ್ತ ಕಳುಹಬೇಕೆಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಚಿತ್ರದುರ್ಗ ಜಿಲ್ಲೆಯೆಂಬುದನ್ನೂ, ಕಾಸರಗೋಡಿನ 671ಕ್ಕೆ ಬದಲಾಗಿ 577ರಿಂದ ಮೊದಲಾಗುವ ಪಿನ್ ಕೋಡನ್ನೂ ಪ್ರತಿ ಪುಟದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿಯೂ ಅಕ್ಷರ ವ್ಯತ್ಯಾಸವಿಲ್ಲದೆ ಅದೇ ವಿಳಾಸವನ್ನು ಕೊಡಬೇಕು. 2011ರಲ್ಲಿ ಮುಖ್ಯ ಶೋಧಯಂತ್ರಗಳು ಒಟ್ಟಾಗಿ ರೂಪಿಸಿದ ಸ್ಕೀಮಾ ಎಂಬ ಗುರುತುಪದ್ಧತಿಯಲ್ಲಿ ಊರು, ಜಿಲ್ಲೆ, ರಾಜ್ಯಗಳನ್ನು ಬೇರೆಬೇರೆಯಾಗಿ ನಮೂದಿಸಬೇಕು. ರೈಲ್ವೆಯವರು ಊರಿನ ಹೆಸರಿಗೆ ‘ರೋಡ್’ ಎಂದು ಸೇರಿಸಿದುದು ಕೂಡ ಇಂಥ ಸ್ಪಷ್ಟೀಕರಣದ ಒಂದು ಯತ್ನವೇ ಆಗಿದ್ದಿತು.

ಇನ್ನು ಸರಕಿನ ಹೆಸರು. ಹೊಳಲ್ಕೆರೆಯ ಸುತ್ತಿನ ಅಡಿಕೆ ಬೆಳೆಗಾರನು ಭೀಮಸಮುದ್ರದ ವ್ಯಾಪಾರವನ್ನು ಬಲ್ಲವನು. ಬೆಳಗಾದರೆ ಅವನು ಕೇಳುವುದು ‘ಅಡಿಕೆ ಧಾರಣೆ’. ಅವನ ಬಾಯಲ್ಲಿ ಇರುವುದು ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳ ಹೆಸರುಗಳು. ಆದರೆ ವ್ಯಾಪಾರಿಯ ಜಾಲತಾಣವನ್ನು ತೆರೆದರೆ ‘ಪ್ರೀಮಿಯಂ ಅಗ್ರಿ ಪ್ರಾಡಕ್ಟ್ಸ್’ ಎಂಬ ಇಂಗ್ಲಿಷ್ ಶಿರೋನಾಮೆಯೂ, ಯಾವ ಊರಿಗಾದರೂ ಸಲ್ಲಬಹುದಾದ ನಾಲ್ಕು ಹೊಗಳಿಕೆಯ ವಾಕ್ಯಗಳೂ ಎದುರಾಗುವುದು ಸಾಮಾನ್ಯ. ಕೇಳುವವನ ಮಾತೊಂದು, ಬರೆದವನ ಮಾತೊಂದು ಆದ ಮೇಲೆ ಅವೆರಡನ್ನು ಜೋಡಿಸಲು ಯಾವ ಯಂತ್ರಕ್ಕೂ ಕಷ್ಟವೇ. 2017ರಲ್ಲಿ ಗೂಗಲ್ ಕನ್ನಡದ ಧ್ವನಿಯನ್ನು ಅಕ್ಷರಕ್ಕಿಳಿಸುವ ಸೌಕರ್ಯವನ್ನು ಒದಗಿಸಿದ ಮೇಲೆ, ಕೀಲಿಮಣೆಯ ಗೊಡವೆಯಿಲ್ಲದೆ ಮೊಬೈಲಿಗೆ ಬಾಯಿಂದಲೇ ಪ್ರಶ್ನೆ ಹೇಳುವುದು ಸಾಧ್ಯವಾಗಿದೆ. ಆ ಪ್ರಶ್ನೆಯ ಮಾತುಗಳೇ ಪುಟದ ಶಿರೋನಾಮೆಯಲ್ಲಿಯೂ, ಮೊದಲ ವಾಕ್ಯದಲ್ಲಿಯೂ ಇರತಕ್ಕದ್ದು.

ಈ ಕಸುಬಿನಲ್ಲಿ ಅಡ್ಡದಾರಿಗಳೂ ಹುಟ್ಟಿದುವು. ಹಣ ಕೊಟ್ಟು ಸಾವಿರಾರು ಸುಳ್ಳು ಕೊಂಡಿಗಳನ್ನು ಕೊಳ್ಳುವುದು, ಒಂದೇ ಪುಟದಲ್ಲಿ ಊರಿನ ಹೆಸರನ್ನು ಅರ್ಥವಿಲ್ಲದೆ ಪುನರುಚ್ಚರಿಸುವುದು, ಪರರ ಬರೆಹವನ್ನು ನಕಲುಮಾಡಿ ತುಂಬುವುದು, ಇವೆಲ್ಲ ಕೆಲವು ಕಾಲ ಫಲ ಕೊಟ್ಟುವು. 2011ರ ಪಾಂಡಾ, 2012ರ ಪೆಂಗ್ವಿನ್ ಎಂಬ ಪರಿಷ್ಕರಣಗಳಿಂದ ಗೂಗಲ್ ಅಂಥ ತಾಣಗಳನ್ನು ಹಿಂದಕ್ಕೆ ತಳ್ಳಿತು. ಅನೇಕ ವೇಳೆ ತಾಣವು ಕಾಣೆಯಾಗುವುದಕ್ಕೆ ಕಾರಣವು ಇಂಥ ಮೋಸವೂ ಆಗಿರದೆ, ಕೇವಲ ಅನವಧಾನವಾಗಿರುತ್ತದೆ: ನಿರ್ಮಾಣದ ಕಾಲದಲ್ಲಿ ಶೋಧಯಂತ್ರವನ್ನು ತಡೆಯಲು ಇಟ್ಟ ಆಜ್ಞೆಯನ್ನು ಆಮೇಲೆ ತೆಗೆಯಲು ಮರೆಯುವುದು, ಹೊಸ ತಾಣವನ್ನು ಕಟ್ಟಿದಾಗ ಹಳೆಯ ಪುಟಗಳ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಕೊಡದೆ ಹತ್ತು ವರ್ಷಗಳ ಪರಿಚಯವನ್ನು ಒಂದೇ ದಿನದಲ್ಲಿ ಕಳೆದುಕೊಳ್ಳುವುದು, ಒಂದೇ ಪುಟಕ್ಕೆ ನಾಲ್ಕು ವಿಳಾಸಗಳಿದ್ದು ಮೂಲವಾವುದೆಂದು ಸೂಚಿಸದಿರುವುದು, ಭಾರವಾದ ಚಿತ್ರಗಳಿಂದ ಹಳ್ಳಿಯ ಮೊಬೈಲಿನಲ್ಲಿ ಪುಟವು ತೆರೆಯದಿರುವುದು. ಇವನ್ನು ಸರಿಪಡಿಸಲು ಬೇಕಾದುದು ಮಂತ್ರವಿದ್ಯೆಯಲ್ಲ. ಕಿರ್ದಿ ಖಾತೆಗಳನ್ನು ತಪ್ಪಿಲ್ಲದೆ ಬರೆಯುವ ವರ್ತಕನ ಸಹಜವಾದ ಶಿಸ್ತು.

ಬಂಡೆ, ಸಂತೆ, ಹಳಿ, ಹೆದ್ದಾರಿ, ಶೋಧಯಂತ್ರ ಎಂಬ ಈ ಪರಂಪರೆಯಲ್ಲಿ ಯಾವ ಒಂದು ದಾರಿಯೂ ವರ್ತಕನ ಸ್ವಾಧೀನದಲ್ಲಿರಲಿಲ್ಲ. ಪ್ರಭುಗಳು, ರೈಲ್ವೆಯವರು, ಪರದೇಶದ ಸಂಸ್ಥೆಗಳು ಅವನ್ನು ತಮಗೆ ಬೇಕಾದಂತೆ ತಿರುಗಿಸಿದರು, ಇನ್ನು ಮುಂದೆಯೂ ತಿರುಗಿಸುವರು. ವರ್ತಕನ ಕೈಯಲ್ಲಿರುವುದು ಮೂರೇ: ಜನರು ಓದುವ ಲಿಪಿ, ಜನರು ಆಡುವ ಮಾತು, ನಿಜವಾದ ವಿಳಾಸ. ಈ ಸೀಮೆಯ ವ್ಯಾಪಾರಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ನಿಮ್ಮ ಜಾಲತಾಣದಲ್ಲಿ ಇಂಗ್ಲಿಷ್ ಇರಲಿ, ಆದರೆ ಅದರ ಸಮಕ್ಕೆ ಸಂಪೂರ್ಣವಾದ ಕನ್ನಡ ಪುಟವೂ ಇರಲಿ, ಅದನ್ನು ಯೂನಿಕೋಡಿನಲ್ಲಿ, ನಿಮ್ಮ ಗಿರಾಕಿಯ ಮಾತಿನಲ್ಲಿ, ಊರು ತಾಲ್ಲೂಕು ಜಿಲ್ಲೆಗಳ ಪೂರ್ಣ ವಿವರದೊಡನೆ ನೀವೇ ಬರೆಯಿಸಿ, ಪ್ರಕಟಿಸುವ ಮೊದಲು ಒಮ್ಮೆ ನೀವೇ ಓದಿ ನೋಡಿ.