ಬರಿಗೈಯ ಕ್ಯಾಚರ್

ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಅಮೆರಿಕದ ಅಂತರ್ಯುದ್ಧ, ಗುಲಾಮಗಿರಿಯ ನಿರ್ಮೂಲನೆ, 1865 ಎಂದು ಕರಿಹಲಗೆಯ ಮೇಲೆ ಬರೆದು ಅಧ್ಯಾಯ ಮುಗಿಸಿಬಿಡುತ್ತಿದ್ದೆ. ಆಮೇಲೇನಾಯಿತೆಂದು ಮಕ್ಕಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇಸ್‌ಬಾಲ್ ಆಟದ ಗಂಧವೂ ಇಲ್ಲದ ನನಗೆ ಆ ಉಳಿದ ಪಾಠ ದೊರಕಿದ್ದು ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಆಟಗಾರನ ಬದುಕಿನಲ್ಲಿ.

ವಾಕರ್ 1856ರಲ್ಲಿ ಒಹಾಯೊ ರಾಜ್ಯದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಓಬರ್ಲಿನ್ ಕಾಲೇಜಿನಲ್ಲಿಯೂ ಮಿಷಿಗನ್ ವಿಶ್ವವಿದ್ಯಾಲಯದಲ್ಲಿಯೂ ಓದಿ, 1883ರಲ್ಲಿ ಟೊಲೆಡೊ ತಂಡವನ್ನು ಸೇರಿದ. ಅವನದು ಕ್ಯಾಚರನ ಕೆಲಸ. ನಮ್ಮ ವಿಕೆಟ್ ಕೀಪರನಂತೆ ಎನ್ನಬಹುದು. ಆದರೆ ದಪ್ಪ ಕೈಗವಸು ಬಳಕೆಗೆ ಬಾರದ ಕಾಲ, ಬಹುಮಟ್ಟಿಗೆ ಬರಿಗೈಯಲ್ಲಿಯೇ ಚೆಂಡು ಹಿಡಿಯಬೇಕು!

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಶಿಕಾಗೋ ತಂಡ ಟೊಲೆಡೊಗೆ ಬಂದಿತು. ಅದರ ನಾಯಕ ಕ್ಯಾಪ್ ಆನ್ಸನ್, ವಾಕರ್ ಇದ್ದರೆ ತಾನು ಆಡುವುದಿಲ್ಲವೆಂದು ಹಟ ಹಿಡಿದ. ಕೈನೋವಿನಿಂದ ಬಳಲುತ್ತಿದ್ದ ವಾಕರ್ ಅಂದು ಆಡುವವನೇ ಅಲ್ಲ. ಹಟವನ್ನು ಕಂಡ ಟೊಲೆಡೊದ ಮ್ಯಾನೇಜರ್ ಚಾರ್ಲಿ ಮಾರ್ಟನ್ ಬೇಕೆಂದೇ ಅವನನ್ನು ಕಣಕ್ಕಿಳಿಸಿದ. ಗೇಟಿನ ಹಣದ ಪಾಲು ಕೈತಪ್ಪುವುದೆಂದಾಗ ಆನ್ಸನ್ ತೆಪ್ಪಗೆ ಆಡಿದ.

1884ರಲ್ಲಿ ಟೊಲೆಡೊ ಅಮೆರಿಕನ್ ಅಸೋಸಿಯೇಷನ್ ಎಂಬ ಮೇಜರ್ ಲೀಗನ್ನು ಪ್ರವೇಶಿಸಿತು. ವಾಕರ್ 42 ಪಂದ್ಯಗಳನ್ನಾಡಿದ. ಎಂಥ ಚೆಂಡು ಬೇಕೆಂದು ಕ್ಯಾಚರ್ ಬೆರಳ ಸನ್ನೆಯಿಂದ ತಿಳಿಸುವುದು ಆ ಆಟದ ಪದ್ಧತಿ. ಆದರೆ ಅವನದೇ ತಂಡದ ಎಸೆತಗಾರ ಟೋನಿ ಮುಲೇನ್ ಆ ಸನ್ನೆಯನ್ನು ಲೆಕ್ಕಿಸದೆ ತನಗೆ ತೋಚಿದಂತೆ ಎಸೆಯುತ್ತಿದ್ದ. ಯಾವ ಚೆಂಡು ಎತ್ತ ತಿರುಗುವುದೋ ತಿಳಿಯದೆ ಬರಿಗೈ ಒಡ್ಡಿ ಕುಳಿತವನ ಪಾಡನ್ನು ಓದುಗರೇ ಊಹಿಸಿಕೊಳ್ಳಬೇಕು. ಎದುರಾಳಿಯ ದ್ವೇಷವನ್ನು ತಾಳಿಕೊಳ್ಳಬಹುದು, ಜೊತೆಗಾರನದನ್ನು? ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರನೇ ಎಂದು ದಶಕಗಳ ತರುವಾಯ ಒಪ್ಪಿಕೊಂಡವನೂ ಇದೇ ಮುಲೇನ್.

1887ರ ಜುಲೈ 14ರಂದು ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಸಭೆ ಸೇರಿ, ಕಪ್ಪು ಆಟಗಾರರೊಡನೆ ಹೊಸ ಒಪ್ಪಂದ ಬೇಡವೆಂದು ತೀರ್ಮಾನಿಸಿದರು. ಆಗ ಅದೇ ಲೀಗಿನ ನ್ಯೂಅರ್ಕ್ ತಂಡದಲ್ಲಿದ್ದ ವಾಕರ್ ಸಿರಕ್ಯೂಸ್ ತಂಡದಲ್ಲಿ 1889ರವರೆಗೆ ಹೇಗೋ ಉಳಿದ. ಮೇಜರ್ ಲೀಗಿನ ಬಾಗಿಲು ಮತ್ತೆ ತೆರೆದದ್ದು 1947ರಲ್ಲಿ, ಜಾಕಿ ರಾಬಿನ್‌ಸನ್‌ಗೆ.

1908ರಲ್ಲಿ ವಾಕರ್ ಒಂದು ಪುಸ್ತಕ ಬರೆದ. ಕಪ್ಪು ಜನರು ಆಫ್ರಿಕಕ್ಕೆ ಮರಳುವುದೊಂದೇ ದಾರಿ ಎಂಬುದು ಅದರ ವಾದ. ಈ ವಾದವನ್ನು ನಾನು ಒಪ್ಪಲಾರೆ. ಆದರೆ ಕಾಲೇಜು ಮೆಟ್ಟಿಲು ಹತ್ತಿದ ಆ ಮನುಷ್ಯನನ್ನು ಅಲ್ಲಿಗೆ ನೂಕಿದವರಾರೆಂದು ಬಲ್ಲೆ. 1924ರಲ್ಲಿ ಅವನು ತೀರಿಕೊಂಡ. ಸ್ಟೂಬೆನ್‌ವಿಲ್‌ನಲ್ಲಿರುವ ಅವನ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 1990ರಲ್ಲಿ.