ಮನೆಯಲ್ಲಿ ಮೂಡಿದ ಹಬ್ಬದ ಚಿತ್ರಪತ್ರ

ಆಳಂದ ಸೀಮೆಯ ಹಿರೋಳ್ಳಿಯಂತಹ ಗಡಿನಾಡಿನ ಊರುಗಳಲ್ಲಿ ವಿಜಯದಶಮಿಯಂದು ಬನ್ನಿಯನ್ನು ಕೊಟ್ಟು ‘ಬಂಗಾರದಂತಿರೋಣ’ ಎನ್ನುವರು. ಸಂಕ್ರಾಂತಿಗೆ ದೂರದೂರಿನ ಬಂಧುಗಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕುಸುರೆಳ್ಳನ್ನು ಕಳುಹಿಸುವುದೂ ಉಂಟು. ಕಣ್ಣೆದುರಿಗೆ ಇಲ್ಲದವರಿಗೂ ಹಬ್ಬವನ್ನು ಮುಟ್ಟಿಸಬೇಕೆಂಬ ಈ ಬಯಕೆಯೇ ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಪತ್ರದ ರೂಪವನ್ನು ತಾಳಿತು. ಮನೆಯವರೇ ತಮ್ಮ ಭಾವಚಿತ್ರವನ್ನು ತೆಗೆದು, ತಾವೇ ಅಚ್ಚಿಳಿಸಿ ಕಳುಹಿಸುತ್ತಿದ್ದ ಪತ್ರದ ಚರಿತ್ರೆಯನ್ನು ನಾವು ಈಗ ವಿಚಾರಿಸೋಣ.

1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಚಿತ್ರಕಾರ ಹಾರ್ಸ್ಲಿಯಿಂದ ಒಂದು ಚಿತ್ರವನ್ನು ಬರೆಯಿಸಿ, ಕಲ್ಲಚ್ಚಿನಲ್ಲಿ ತೆಗೆಯಿಸಿ, ಕೈಯಿಂದ ಬಣ್ಣ ಹಾಕಿಸಿದರು. ಮೊದಲನೆಯ ಕ್ರಿಸ್ಮಸ್ ಪತ್ರವೆಂದು ಹೆಸರಾದುದು ಇದು. ಬೆಲೆ ಒಂದು ಷಿಲ್ಲಿಂಗ್. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಹೊರಬಂದುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆದರೆ ಕಲ್ಲಚ್ಚು ಕೊಡುತ್ತಿದ್ದುದು ಚಿತ್ರಕಾರನ ರೇಖೆಯನ್ನು, ಕಳುಹಿಸುವವನ ಮುಖವನ್ನಲ್ಲ.

ಮುಖವನ್ನು ಕೊಡುವ ವಿದ್ಯೆಯೂ ಆಗಲೇ ಹುಟ್ಟಿತ್ತು. ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಿ ಒಂದೇ ನೆಗೆಟಿವಿನಿಂದ ಅನೇಕ ಪ್ರತಿಗಳನ್ನು ತೆಗೆಯಬಹುದಾಗಿತ್ತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಹಿಡಿದುದು ಕಾಗದದ ನೆಗೆಟಿವುಗಳ ಮೇಲೆಯೇ. ಆದರೂ ಈ ವಿದ್ಯೆಯು ಬಹುಕಾಲ ಮನೆಯನ್ನು ಪ್ರವೇಶಿಸಲಿಲ್ಲ.

ಆಳಂದ ಸೀಮೆಯು ಸೇರಿದ್ದ ನಿಜಾಮರ ಸಂಸ್ಥಾನವನ್ನೇ ನೋಡೋಣ. ಅಲ್ಲಿ ಲಾಲಾ ದೀನ್ ದಯಾಳರು 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರೂ ಆಗಿದ್ದರು. ಗೋಷಾ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಬೇರೆಯೇ ಸ್ಟುಡಿಯೊ ಏರ್ಪಟ್ಟಿತು. ಅದನ್ನು ನಡೆಸಿದವರು ಶ್ರೀಮತಿ ಕೆನ್ನಿ ಲೆವಿಕ್. ಸಿರಿವಂತರಿಗೆ ಇದು ಸಾಕಾಯಿತು. ಸ್ಟುಡಿಯೊದ ಮೆಟ್ಟಿಲನ್ನೇ ಕಾಣದ ಹಳ್ಳಿಯ ಅಜ್ಜಿಯ ಮುಖಕ್ಕೆ ಯಾರು ಗತಿ?

ಅದಕ್ಕೆ ಉತ್ತರವು ಅಗ್ಗದ ಕ್ಯಾಮರಾದಿಂದ ಬಂತು. ಈಸ್ಟ್‌ಮನ್ನರ ಕೋಡಕ್ 1888ರಲ್ಲಿಯೂ, ಒಂದು ಡಾಲರಿನ ಬ್ರೌನಿ 1900ರಲ್ಲಿಯೂ ಹೊರಟವು. 1903ರ ಒಂದು ಕೋಡಕ್ಕಿನ ನೆಗೆಟಿವ್ ಸರಿಯಾಗಿ ಅಂಚೆಕಾರ್ಡಿನಷ್ಟೇ ಇತ್ತು: 3¼ ಅಂಗುಲ ಅಗಲ, 5½ ಅಂಗುಲ ಉದ್ದ. ಹಿಂಬದಿಯಲ್ಲಿ ವಿಳಾಸದ ಗೆರೆಗಳನ್ನು ಅಚ್ಚುಮಾಡಿದ ವೆಲಾಕ್ಸ್ ಕಾಗದವೂ ದೊರೆಯುತ್ತಿತ್ತು.

ಮಾಡುವ ಬಗೆಯು ಸರಳ. ಈ ಕಾಗದವು ಅಷ್ಟು ಚುರುಕಿನದಲ್ಲವಾದುದರಿಂದ ಮಬ್ಬು ಬೆಳಕಿನ ಕೋಣೆಯೇ ಸಾಕು. ಚೌಕಟ್ಟಿನಲ್ಲಿ ನೆಗೆಟಿವಿನ ಲೇಪದ ಮುಖಕ್ಕೆ ಕಾಗದದ ಲೇಪದ ಮುಖವನ್ನು ಒತ್ತಿ, ದೀಪದ ಮುಂದೆ ಹಿಡಿಯುವುದು; ಅನಂತರ ದ್ರಾವಣದಲ್ಲಿ ಅದ್ದುವುದು. ಬಿಳಿಯ ಹಾಳೆಯ ಮೇಲೆ ಮೊದಲು ಕೂದಲು, ಆಮೇಲೆ ಕಣ್ಣು, ಕಡೆಗೆ ಮುಖವೆಲ್ಲ ಮೂಡುವುದನ್ನು ಕಂಡವರು ಮರೆಯಲಾರರು. ಹೈಪೋದಲ್ಲಿ ಚಿತ್ರವನ್ನು ಸ್ಥಿರಗೊಳಿಸಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಇಲ್ಲಿ ಅವಸರಪಟ್ಟರೆ ಉಳಿದ ಹೈಪೋ ಕೆಲವು ವರ್ಷಗಳಲ್ಲಿ ಮುಖವನ್ನು ಹಳದಿಗೊಳಿಸಿ ಅಳಿಸಿಬಿಡುವುದು.

ಶುಭಾಶಯದ ಅಕ್ಷರಗಳನ್ನು ನೆಗೆಟಿವಿನ ಲೇಪದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಪ್ಪು ಮಸಿಯಿಂದ ಬರೆದರೆ, ಅಚ್ಚಿನಲ್ಲಿ ಅವು ಬಿಳಿಯಾಗಿ ನೇರವಾಗಿ ಮೂಡುವುವು. ಅಮೆರಿಕದಲ್ಲಿ 1907ರವರೆಗೆ ಕಾರ್ಡಿನ ಹಿಂಬದಿಯಲ್ಲಿ ವಿಳಾಸವನ್ನಲ್ಲದೆ ಒಕ್ಕಣೆಯನ್ನು ಬರೆಯುವಂತಿರಲಿಲ್ಲ. ಆದುದರಿಂದ ಹೇಳುವುದನ್ನೆಲ್ಲ ಚಿತ್ರದ ಬದಿಯಲ್ಲಿಯೇ ಹೇಳಬೇಕಾಗಿತ್ತು. 1914ರಲ್ಲಿ ಈಸ್ಟ್‌ಮನ್ ಕಂಪನಿಯು ಹೊರತಂದ ಕ್ಯಾಮರಾದ ಬೆನ್ನಿಗೆ ಚಿಕ್ಕದೊಂದು ಕಿಂಡಿಯಿತ್ತು. ಅದರ ಮೂಲಕ ಲೋಹದ ಕಡ್ಡಿಯಿಂದ ಗೀಚಿದರೆ ದಿನಾಂಕವೂ ಹೆಸರೂ ಫಿಲ್ಮಿನಲ್ಲಿಯೇ ನಿಲ್ಲುತ್ತಿದ್ದವು.

ಈ ಚಿಕ್ಕ ಕಿಂಡಿಯೇ ನಮಗೆ ಮುಖ್ಯವಾಗಿ ತೋರುವುದು. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಚೆನ್ನಾಗಿ ಉಳಿದ ಭಾವಚಿತ್ರಗಳು ಎಷ್ಟೋ ಇವೆ. ಆದರೆ ‘ಇವರು ಯಾರು?’ ಎಂದು ಮಗು ಕೇಳಿದಾಗ ಹೇಳುವವರಿಲ್ಲ. ಹೈಪೋ ಅಳಿಸದ ಮುಖವನ್ನು ನಮ್ಮ ಮರೆವು ಅಳಿಸಿದೆ. ಇಂದು ಚಿತ್ರ ತೆಗೆಯುವುದು ಕೈಬೆರಳಿನ ಕೆಲಸ. ಹಬ್ಬ ಯಾವುದಾದರೂ ಆಗಲಿ, ಒಂದು ಚಿತ್ರವನ್ನಾದರೂ ಕಾಗದಕ್ಕೆ ಇಳಿಸಿ, ಅದರ ಬೆನ್ನಿನ ಮೇಲೆ ಹೆಸರು, ಊರು, ಇಸವಿಗಳನ್ನು ಬರೆದು ಅಂಚೆಗೆ ಹಾಕೋಣ. ಪಡೆದವರಿಗೆ ಅದು ಆ ದಿನದ ಶುಭಾಶಯ. ಅವರ ಮೊಮ್ಮಕ್ಕಳಿಗೆ ಮನೆತನದ ಚರಿತ್ರೆ.