ಭೋಗಿಯ ಪಲ್ಯದ ಪೂರ್ವೋತ್ತರ

ಇತಿಹಾಸವೆಂದೊಡನೆ ನಮ್ಮ ಶಾಲೆಗಳ ಮಕ್ಕಳು ಅರಸರ ಹೆಸರುಗಳನ್ನೂ ಕದನಗಳ ಇಸವಿಗಳನ್ನೂ ಒಪ್ಪಿಸತೊಡಗುತ್ತಾರೆ. ತಮ್ಮ ಮನೆಯ ಒಲೆಯ ಮೇಲಿನ ಗಡಿಗೆಯಲ್ಲಿಯೂ ಇತಿಹಾಸವುಂಟೆಂದರೆ ನಗುತ್ತಾರೆ. ಆ ನಗುವಿಗೆ ಉತ್ತರವಾಗಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಮಕರ ಸಂಕ್ರಾಂತಿಯ ಹಿಂದಿನ ದಿನ ಮನೆಮನೆಯಲ್ಲೂ ಬೇಯುವ ಭೋಗಿಯ ಪಲ್ಯವನ್ನೇ ಈ ಲೇಖನಕ್ಕೆ ವಿಷಯವಾಗಿ ಎತ್ತಿಕೊಂಡಿದ್ದೇವೆ.

ಚಳಿಗಾಲದ ಹೊಲ ಏನನ್ನು ಕೊಟ್ಟಿತೋ ಅದೆಲ್ಲವೂ ಈ ಪಲ್ಯಕ್ಕೆ ಸಲ್ಲುತ್ತದೆ. ಎಳೆಯ ಬದನೆಕಾಯಿ, ಅವರೆ, ತೊಗರಿಯ ಹಸಿಕಾಳು, ಸುಲಗಾಯಿಯಿಂದ ಬಿಡಿಸಿದ ಹಸಿಗಡಲೆ, ಗಜ್ಜರಿ, ಹಸಿ ಶೇಂಗಾ, ಒಂದೆರಡು ಬಾರಿಹಣ್ಣು. ಕುಸುಬೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗುಗಳ ಒಗ್ಗರಣೆ ಕೊಟ್ಟು, ಬೇಯಲು ತಡವಾಗುವ ಕಾಳುಗಳನ್ನು ಮೊದಲು ಹಾಕಿ, ಬೇಗನೆ ಕರಗುವ ಬದನೆಯನ್ನು ಕಡೆಗೆ ಸೇರಿಸಬೇಕು. ಖಾರ, ಹುಣಿಸೆಯ ರಸ, ತುಸು ಬೆಲ್ಲ ಬಿದ್ದ ಮೇಲೆ ಹುರಿದ ಎಳ್ಳಿನ ಪುಡಿ. ಈ ಪುಡಿಯೇ ಪಲ್ಯದ ಜೀವ. ಎಳ್ಳು ಸಿಡಿಯತೊಡಗಿದೊಡನೆ ಹಂಚಿನಿಂದ ಇಳಿಸಬೇಕು. ಬಣ್ಣ ಕಪ್ಪಿಗೆ ತಿರುಗಿತೆಂದರೆ ಗಡಿಗೆಯೆಲ್ಲ ಕಹಿ. ಜೊತೆಗೆ ಮೈತುಂಬ ಎಳ್ಳು ಅಂಟಿಸಿದ ಸಜ್ಜೆಯ ರೊಟ್ಟಿ, ಅದರ ಮೇಲೆ ಬೆಣ್ಣೆ. ಚಳಿಗೆ ಬಿರಿದ ತುಟಿಯೂ ಒಣಗಿದ ಚರ್ಮವೂ ಬೇಡುವುದು ಇದೇ ಜಿಡ್ಡನ್ನು. ಭೋಗಿಯನ್ನು ಉಣ್ಣದವನು ಸದಾ ರೋಗಿಯೆಂದು ನಮ್ಮ ಮರಾಠಿ ನೆರೆಯವರಲ್ಲಿ ಒಂದು ಗಾದೆಯೂ ಉಂಟು.

ಅಡಿಗೆಯನ್ನು ಕುರಿತು ನಮ್ಮ ಹಿಂದಿನವರು ಬರೆಯದೆ ಬಿಟ್ಟಿಲ್ಲ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಸೂಪಶಾಸ್ತ್ರಕ್ಕೂ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ, ಉದ್ದಿನ ಹಿಟ್ಟಿನಿಂದ ಮಾಡುವ, ಇಂದಿನ ಇಡ್ಲಿಯ ಪೂರ್ವಜನೆನ್ನಬಹುದಾದ ಇಡ್ಡರಿಕೆಯ ವರ್ಣನೆ ಅಲ್ಲಿಯದು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದು ಬದನೆಕಾಯಿಗೆ ಒಳ್ಳೆಯ ಮರ್ಯಾದೆಯನ್ನೇ ಸಲ್ಲಿಸಿದ್ದಾನೆ. ಆದರೆ ಇವು ಬಹುಮಟ್ಟಿಗೆ ಉಳ್ಳವರ ಭೋಜನಶಾಲೆಯ ಮಾತುಗಳು. ಒಕ್ಕಲಿಗನ ಗಡಿಗೆಯಲ್ಲಿ ಬೆಂದುದನ್ನು ತಿಳಿಯಬೇಕಾದರೆ ಗಡಿಗೆಯಲ್ಲಿ ಬಿದ್ದ ಕಾಳುಗಳನ್ನೇ ವಿಚಾರಿಸಬೇಕು.

ವಿಚಾರಿಸಿದರೆ ಸೋಜಿಗವಾಗುತ್ತದೆ. ಎಳ್ಳು, ಬದನೆ, ತೊಗರಿ ಇವು ಭಾರತದ ನೆಲದಲ್ಲಿಯೇ ಮೊದಲು ಕೃಷಿಗೆ ಬಂದವು. ಕಡಲೆಯ ತವರು ಪಶ್ಚಿಮ ಏಷ್ಯ. ಅವರೆ, ಹುಣಿಸೆ, ಸಜ್ಜೆ, ಜೋಳ ನಾಲ್ಕೂ ಆಫ್ರಿಕದಿಂದ ಬಂದವು. ಅವುಗಳಲ್ಲಿ ಜೋಳವು ಇಲ್ಲಿಗೆ ತಲಪಿ ಸುಮಾರು 4000 ವರ್ಷಗಳಾಗಿರಬಹುದು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರು ಉಂಡ ಧಾನ್ಯಗಳ ಅವಶೇಷಗಳು ದೊರೆತಿವೆ. ಅಲ್ಲಿ ಮುಖ್ಯವಾಗಿ ಕಾಣುವುವು ಹುರುಳಿ, ಹೆಸರು ಮತ್ತು ಕಿರುಧಾನ್ಯಗಳು. ಜೋಳದ ರೊಟ್ಟಿಯಿಲ್ಲದ ಊಟವನ್ನು ಊಟವೇ ಅಲ್ಲವೆನ್ನುವ ನಮ್ಮ ಜನರಿಗೆ ಇದು ತುಸು ಕಸಿವಿಸಿಯ ಸಂಗತಿಯೇ ಸರಿ.

ಇನ್ನು ಮೆಣಸಿನಕಾಯಿ ಮತ್ತು ಶೇಂಗಾ. ಇವೆರಡೂ ಅಮೇರಿಕ ಖಂಡದವು. ಕೊಲಂಬಸನು ಆ ಖಂಡವನ್ನು ಮುಟ್ಟಿದುದು 1492ರಲ್ಲಿ. ವಾಸ್ಕೊ ಡ ಗಾಮನು ಕಲ್ಲೀಕೋಟೆಗೆ ಬಂದುದು 1498ರಲ್ಲಿ. ಪೋರ್ತುಗೀಜರು ಗೋವೆಯನ್ನು ಹಿಡಿದುದು 1510ರಲ್ಲಿ. ಮೆಣಸಿನಕಾಯಿ ಅವರ ಹಡಗುಗಳಲ್ಲಿ ಬಂದು ಆ ಶತಮಾನದಲ್ಲಿ ಪಶ್ಚಿಮ ತೀರದಿಂದ ಒಳನಾಡಿಗೆ ಹಬ್ಬಿತು. ಆದುದರಿಂದ ಸೋಮೇಶ್ವರನ ಪಾಕಶಾಲೆಯಲ್ಲಿ ಖಾರವೆಂದರೆ ಕರಿಮೆಣಸು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದು ಕರೆದು ಮನೆಯೊಳಕ್ಕೆ ಬಿಟ್ಟುಕೊಂಡರು. ಎಷ್ಟು ಸುಲಭವಾದ ನಾಮಕರಣ!

ಭೋಗಿಗೂ ಸೊಲ್ಲಾಪುರಕ್ಕೂ ಇರುವ ನಂಟು ಬೇರೊಂದು ಬಗೆಯದು. ಈ ಊರು ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಇಲ್ಲಿ ಕೆರೆಯನ್ನು ಕಟ್ಟಿಸಿ ಕನ್ನಡದಲ್ಲಿ ವಚನಗಳನ್ನು ನುಡಿದವರು ಶಿವಯೋಗಿ ಸಿದ್ಧರಾಮರು. ಸಂಕ್ರಾಂತಿಯಲ್ಲಿ ನಡೆಯುವ ಅವರ ಜಾತ್ರೆಯಲ್ಲಿ ನಂದಿಧ್ವಜಗಳು ಊರ ಸುತ್ತಲಿನ 68 ಲಿಂಗಗಳಿಗೆ ಹೋಗಿ ಎಣ್ಣೆಮಜ್ಜನವಾಗುವುದು ಭೋಗಿಯ ದಿನವೇ. ಸೊಲ್ಲಾಪುರದ ಮರಾಠಿ ಪತ್ರಿಕೆಗಳೂ ಈ ವಿಧಿಯನ್ನು ‘ಯಣ್ಣೀಮಜ್ಜನ’ವೆಂದೇ ಅಚ್ಚು ಮಾಡುತ್ತವೆ. ಚಳಿಯ ಆ ದಿನ ಲಿಂಗಕ್ಕೂ ಎಣ್ಣೆ, ಮನುಷ್ಯನಿಗೂ ಎಳ್ಳು.

ಈ ಸೀಮೆಯ ಚಳಿಗಾಲದ ಸಿರಿಗೆ ಕಾರಣ ಕಪ್ಪು ಎರೆ ಭೂಮಿ. ಮುಂಗಾರಿನ ಕಡೆಯ ಮಳೆಯನ್ನು ಕುಡಿದಿಟ್ಟುಕೊಂಡು, ಆ ತೇವದಲ್ಲಿಯೇ ಅದು ಹಿಂಗಾರಿ ಜೋಳವನ್ನು ಫೆಬ್ರುವರಿ, ಮಾರ್ಚಿಯವರೆಗೆ ಸಾಕುತ್ತದೆ. ಬಿಜ್ಜಳನ ಮಂಗಳವಾಡ ಎನಿಸಿದ್ದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ಮಳೆಯೇ ಬಾರದಿದ್ದರೆ ಎರೆಯೂ ಕೈಚೆಲ್ಲುತ್ತದೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಪಡಿತರದ ಅಂಗಡಿಗಳಲ್ಲಿ ಅಮೇರಿಕದ ಕೆಂಪು ಜೋಳ, ಜನರು ‘ಮಿಲೊ’ ಎನ್ನುತ್ತಿದ್ದುದು, ಹಂಚಿಕೆಯಾಯಿತು. ಆಫ್ರಿಕದಿಂದ ಅಮೇರಿಕಕ್ಕೆ ಹೋದ ಜೋಳ ಹೀಗೆ ಇನ್ನೊಂದು ದಾರಿಯಿಂದ ನಮ್ಮಲ್ಲಿಗೆ ಬಂದಿತು. ಉಂಡ ಹಿರಿಯರಾರೂ ಅದರ ರುಚಿಯನ್ನು ಹೊಗಳಿದುದನ್ನು ನಾವು ಕೇಳಿಲ್ಲ.

ಭೀಮಾ ನದಿಗೆ ಉಜನಿಯಲ್ಲಿ ಅಣೆಕಟ್ಟು 1980ರಲ್ಲಿ ಮುಗಿದ ಮೇಲೆ ಕಾಲುವೆ ತಲಪಿದಲ್ಲೆಲ್ಲ ಕಬ್ಬು ಹಬ್ಬಿತು. ನೀರು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಜೋಳದ ಹೊಲದ ಅಂಚಿಗೆ ದನ ಬಾರದಂತೆ ಹಾಕುತ್ತಿದ್ದ ಕುಸುಬೆಯ ಸಾಲು, ಜೊತೆಗೆ ಬೆಳೆಯುತ್ತಿದ್ದ ಕಡಲೆ, ಅವರೆಗಳಿಗೆ ಕಬ್ಬಿನ ನಡುವೆ ಎಡೆಯಿಲ್ಲ. ಹೊಲದಿಂದ ಮಡಿಲು ತುಂಬ ತರುತ್ತಿದ್ದ ಕಾಯಿಪಲ್ಯವನ್ನು ಈಗ ಬಹುಜನರು ಪೇಟೆಯಲ್ಲಿ ಒಟ್ಟುಗುಡ್ಡೆಯಾಗಿ, ‘ಭೋಗೀಚೀ ಭಾಜಿ’ ಎಂಬ ಒಂದೇ ಹೆಸರಿನಿಂದ ಕೊಳ್ಳುತ್ತಾರೆ. ಅದರೊಡನೆ ಸುಲಗಾಯಿ, ಸೀತನಿ ಮೊದಲಾದ ಮಾತುಗಳು ಮಕ್ಕಳ ನಾಲಗೆಯಿಂದ ಜಾರುತ್ತಿವೆ. ಅವರೆಯನ್ನು ‘ಪಾವಟಾ’ ಎನ್ನುವ ಕನ್ನಡ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಇದ್ದಾರೆ. ಈ ಭೋಗಿಯ ಮರುವಾರ ನಾಲ್ಕನೆಯ, ಐದನೆಯ ಇಯತ್ತೆಗಳ ಮಕ್ಕಳು ತಮ್ಮ ಮನೆಯ ಪಲ್ಯದಲ್ಲಿ ಬಿದ್ದ ಒಂದೊಂದು ಕಾಳಿನ ಹೆಸರನ್ನೂ, ಅದು ಯಾವ ಹೊಲದಿಂದ ಅಥವಾ ಯಾವ ಸಂತೆಯಿಂದ ಬಂದಿತೆಂಬುದನ್ನೂ ಅಜ್ಜಿಯರಿಂದ ಕೇಳಿ ಬರೆದು ತರುವಂತೆ ಶಿಕ್ಷಕ ಬಂಧುಗಳು ಹೇಳಬೇಕೆಂದು ಕೋರುತ್ತೇವೆ. ಬಂದ ಹೆಸರುಗಳನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಭೂಪಟವೊಂದನ್ನು ತೂಗುಹಾಕಿದರೆ ಆ ದಿನದ ಇತಿಹಾಸದ ಪಾಠಕ್ಕೆ ಬೇರೆ ಪುಸ್ತಕ ಬೇಕಾಗದು.